ಇದ್ದುದನ್ನು ಇದ್ದ ಹಾಗೆ: ಪವರ್ ಆಂಪ್ಲಿಫೈಯರಿನ ಚರಿತ್ರೆ

ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮ್ಮಂಥವರ ಮನೆಗಳಲ್ಲಿ ಹಾಡು ಕೇಳುವ ಪೆಟ್ಟಿಗೆಗೆ ಒಂದು ಗೌರವದ ಸ್ಥಾನ ಯಾವಾಗಲೂ ಇದ್ದೇ ಇದೆ. ಮಲ್ಲಿಕಾರ್ಜುನ ಮನ್ಸೂರರ ಗಾಯನವಾಗಲಿ, ದಾಸರ ಪದವಾಗಲಿ, ಭಾವಗೀತೆಯಾಗಲಿ, ನಾವು ಕೇಳುವುದು ಬಹುಮಟ್ಟಿಗೆ ಯಂತ್ರದ ಮೂಲಕವೇ. ಗ್ರಾಮಫೋನ್ ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಈಗ ಅದೂ ಹಿಂದೆ ಬಿದ್ದು ಮೊಬೈಲ್ ಫೋನಿನಿಂದಲೇ ಸಂಗೀತ ಹೊರಡುತ್ತದೆ. ಈ ಎಲ್ಲ ಬದಲಾವಣೆಗಳ ನಡುವೆ ತನ್ನ ಕೆಲಸವನ್ನು ಬದಲಿಸದೆ ಉಳಿದ ಅಂಗ ಒಂದುಂಟು. ಅದೇ ಪವರ್ ಆಂಪ್ಲಿಫೈಯರ್.

ಆಂಪ್ಲಿಫೈಯರ್ ಸದ್ದನ್ನು ಹಿಗ್ಗಿಸುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಿಜವಾಗಿ ನಡೆಯುವುದು ಸ್ವಲ್ಪ ಬೇರೆ. ಮೂಲದಿಂದ ಬರುವ ವಿದ್ಯುತ್ ಸಂಕೇತ ತೀರ ಕ್ಷೀಣವಾದದ್ದು. ಸ್ಪೀಕರಿನ ಕಾಗದದ ಶಂಕುವನ್ನು ಹಿಂದೆ ಮುಂದೆ ಅಲುಗಿಸುವ ಶಕ್ತಿ ಅದಕ್ಕಿಲ್ಲ. ಶಕ್ತಿ ಇರುವುದು ಗೋಡೆಯ ಪ್ಲಗ್ಗಿನಲ್ಲಿ. ನಲ್ಲಿಯನ್ನು ತಿರುಗಿಸುವುದು ಎರಡು ಬೆರಳು, ಹರಿಯುವುದು ಟಾಂಕಿಯ ನೀರು. ಅದೇ ರೀತಿ ಆಂಪ್ಲಿಫೈಯರಿನಲ್ಲಿ ಸಣ್ಣ ಸಂಕೇತವು ನಲ್ಲಿಯನ್ನು ತಿರುಗಿಸುತ್ತದೆ, ಪ್ಲಗ್ಗಿನಿಂದ ಬಂದ ವಿದ್ಯುತ್ತು ಅದೇ ಏರಿಳಿತದಲ್ಲಿ ಸ್ಪೀಕರಿಗೆ ಹರಿಯುತ್ತದೆ. ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ನಲ್ಲಿಗಳಿದ್ದರೆ ಅದು ಸ್ಟೀರಿಯೋ.

ಇಷ್ಟು ಸರಳವಾದ ಕೆಲಸಕ್ಕೆ ಅಂಗಡಿಯಲ್ಲಿ ಕೆಲವು ಸಾವಿರ ರೂಪಾಯಿಯ ಪೆಟ್ಟಿಗೆಯೂ ಸಿಗುತ್ತದೆ, ಹಲವು ಲಕ್ಷದ ಪೆಟ್ಟಿಗೆಯೂ ಸಿಗುತ್ತದೆ. ಆ ಹೆಚ್ಚಿನ ಹಣ ಏನನ್ನು ಕೊಳ್ಳುತ್ತದೆ? ಸಂಬಳದಲ್ಲಿ ಉಳಿಸಿ ಒಳ್ಳೆಯ ಸಂಗೀತ ಕೇಳಬೇಕೆನ್ನುವ ಯಾರಿಗಾದರೂ ಈ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಮಾರಾಟಗಾರರ ಮಾತಿನಲ್ಲಿ ಸಿಗುವುದು ಕಷ್ಟ, ಈ ಯಂತ್ರದ ಚರಿತ್ರೆಯಲ್ಲಿ ಸಿಗುತ್ತದೆ ಎಂಬುದು ನಮ್ಮ ನಂಬಿಕೆ.

ಚರಿತ್ರೆಯುದ್ದಕ್ಕೂ ಇರುವ ತೊಡಕು ಒಂದೇ. ಯಾವ ನಲ್ಲಿಯೂ ತಿರುಗಿಸಿದಷ್ಟೇ ಅಳತೆಗೆ ಸರಿಯಾಗಿ ನೀರು ಬಿಡುವುದಿಲ್ಲ. ವಾಲ್ವ್ ಆಗಲಿ ಟ್ರಾನ್ಸಿಸ್ಟರ್ ಆಗಲಿ ಸಂಕೇತದ ಆಕಾರವನ್ನು ತುಸುವಾದರೂ ಸೊಟ್ಟ ಮಾಡುತ್ತದೆ, ಮೂಲದಲ್ಲಿ ಇಲ್ಲದ ಸ್ವರಗಳನ್ನು ಸೇರಿಸುತ್ತದೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ನಾವು ವಿಕೃತಿ ಎನ್ನೋಣ. ವಿಕೃತಿಯನ್ನು ಗೆಲ್ಲಲು ಇರುವ ದಾರಿಗಳು ಮುಖ್ಯವಾಗಿ ಎರಡು. ತಪ್ಪು ನಡೆದ ಮೇಲೆ ತಿದ್ದುವುದು ಒಂದು. ತಪ್ಪೇ ಆಗದಂತೆ ಮೊದಲೇ ಖರ್ಚು ಮಾಡುವುದು ಇನ್ನೊಂದು. ಒಳ್ಳೆಯ ಆಂಪ್ಲಿಫೈಯರಿನ ವಿನ್ಯಾಸವೆಂದರೆ ಈ ಎರಡರ ನಡುವಣ ವ್ಯಾಪಾರವೇ.

ಪತ್ರಿಕೆಯ ಹಾಳೆಯ ಮೇಲೆ ಮೂಡಿದ ಉಪಾಯ

ತಿದ್ದುವ ದಾರಿ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಮಾತು ಸಾಗಬೇಕಾದರೆ ದಾರಿಯಲ್ಲಿ ಅನೇಕ ಕಡೆ ಆಂಪ್ಲಿಫೈಯರುಗಳನ್ನು ಇಡಬೇಕಾಗಿತ್ತು. ಪ್ರತಿಯೊಂದೂ ತನ್ನ ಪಾಲಿನ ವಿಕೃತಿಯನ್ನು ಸೇರಿಸಿ ಮುಂದಕ್ಕೆ ಕಳಿಸುತ್ತಿತ್ತು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರ್ ವರ್ಷಗಟ್ಟಲೆ ಈ ಸಮಸ್ಯೆಯೊಡನೆ ಗುದ್ದಾಡಿದರು. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ನ್ಯೂಯಾರ್ಕಿನ ಕಚೇರಿಗೆ ಹೋಗುತ್ತಿದ್ದಾಗ ಅವರಿಗೆ ಉತ್ತರ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರವನ್ನೂ ಸಮೀಕರಣವನ್ನೂ ಬರೆದುಕೊಂಡರು.

ಉಪಾಯ ಇದು. ಆಂಪ್ಲಿಫೈಯರಿನಿಂದ ಹೊರಬಂದ ಸಂಕೇತದ ಒಂದು ಪಾಲನ್ನು ಒಳದ್ವಾರಕ್ಕೆ ಹಿಂದಕ್ಕೆ ತಂದು, ಒಳಬಂದ ಸಂಕೇತದಿಂದ ಕಳೆಯುವುದು. ಎರಡರ ನಡುವೆ ವ್ಯತ್ಯಾಸ ಕಂಡರೆ ಆಂಪ್ಲಿಫೈಯರ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಡುವವರು ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡು, ತಂಬೂರಿಯ ಶ್ರುತಿಗೆ ಹೋಲಿಸಿ ಸರಿಮಾಡಿಕೊಳ್ಳುವುದಿಲ್ಲವೇ, ಹಾಗೆ. ಇದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಇದು ಪುಕ್ಕಟೆಯೇನಲ್ಲ. ವಿಕೃತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ ವರ್ಧನ ಶಕ್ತಿಯಲ್ಲಿಯೂ ಹತ್ತರಲ್ಲಿ ಒಂಬತ್ತು ಪಾಲನ್ನು ಬಿಟ್ಟುಕೊಡಬೇಕು. ಕಷ್ಟಪಟ್ಟು ಗಳಿಸಿದ ಶಕ್ತಿಯನ್ನು ಬೇಕೆಂದೇ ಕಳೆದುಕೊಳ್ಳುವ ಈ ಮಾತು ಅಂದಿನ ತಜ್ಞರಿಗೆ ಹುಚ್ಚಾಗಿ ತೋರಿತು. 1927ರ ಡಿಸೆಂಬರಿನಲ್ಲೇ ಪ್ರಯೋಗ ಯಶಸ್ವಿಯಾಗಿ, ಮರುವರ್ಷ ಅರ್ಜಿ ಹಾಕಿದರೂ ಅಮೆರಿಕದ ಪೇಟೆಂಟ್ ಕೈಸೇರಿದ್ದು 1937ರ ಡಿಸೆಂಬರಿನಲ್ಲಿ. ಬ್ರಿಟನ್ನಿನ ಪೇಟೆಂಟ್ ಕಚೇರಿಯಂತೂ ಈ ಅರ್ಜಿಯನ್ನು ನಿರಂತರ ಚಲನೆಯ ಯಂತ್ರ ಕಂಡುಹಿಡಿದೆನೆನ್ನುವವರ ಅರ್ಜಿಯ ಸಾಲಿಗೆ ಸೇರಿಸಿತೆಂದು ಬ್ಲ್ಯಾಕ್ ಅವರೇ ಮುಂದೆ ಬರೆದಿದ್ದಾರೆ.

ಇದರಲ್ಲಿ ಒಂದು ಅಪಾಯವೂ ಇತ್ತು. ಹಿಂದಕ್ಕೆ ತಂದ ಸಂಕೇತ ದಾರಿಯಲ್ಲಿ ತಡವಾದರೆ ಕಳೆಯುವ ಬದಲು ಕೂಡಿಬಿಡುತ್ತದೆ. ಆಗ ಆಂಪ್ಲಿಫೈಯರ್ ತಾನೇ ತಾನಾಗಿ ಕೂಗತೊಡಗುತ್ತದೆ. ನಮ್ಮ ಸಂಘದ ಸಮಾರಂಭಗಳಲ್ಲಿ ಮೈಕು ಇದ್ದಕ್ಕಿದ್ದಂತೆ ಕಿವಿ ಕಿತ್ತುಹೋಗುವಂತೆ ಕಿರಿಚುವುದನ್ನು ಎಲ್ಲರೂ ಕೇಳಿದ್ದೇವೆ. ಅದರ ಹಿಂದಿನ ಕಾರಣವೂ ಈ ಬಗೆಯದೇ. ಕೂಗದಂತೆ ಎಷ್ಟರವರೆಗೆ ಫೀಡ್‌ಬ್ಯಾಕ್ ಕೊಡಬಹುದೆಂಬ ನಿಯಮವನ್ನು ಬೆಲ್ ಸಂಸ್ಥೆಯವರೇ ಆದ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಗಣಿತದಿಂದ ತೋರಿಸಿಕೊಟ್ಟರು.

ವಿಲಿಯಮ್ಸನ್ನರ ಕೊಡುಗೆ

ಟೆಲಿಫೋನಿನ ಈ ಉಪಾಯವನ್ನು ಮನೆಯ ಸಂಗೀತಕ್ಕೆ ತಂದವರಲ್ಲಿ ಮುಖ್ಯರು ಇಂಗ್ಲೆಂಡಿನವರು. 1945ರಲ್ಲಿ ಹೆರಾಲ್ಡ್ ಲೀಕ್ ಅವರು ಶೇಕಡಾ 0.1ರಷ್ಟು ಮಾತ್ರ ವಿಕೃತಿಯಿರುವ ಆಂಪ್ಲಿಫೈಯರನ್ನು ಮಾರಾಟಕ್ಕಿಟ್ಟರು. ಅದಕ್ಕೆ ಪಾಯಿಂಟ್ ಒನ್ ಎಂದೇ ಹೆಸರಿಟ್ಟರು. ಆದರೆ ಹೆಚ್ಚಿನ ಕ್ರಾಂತಿ ಮಾಡಿದ್ದು ಅಂಗಡಿಯ ಸರಕಲ್ಲ, ಒಂದು ಲೇಖನ.

ಡಿ. ಟಿ. ಎನ್. ವಿಲಿಯಮ್ಸನ್ ಸ್ಕಾಟ್ಲೆಂಡಿನವರು. ಯುದ್ಧದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ಒಂದು ವಾಲ್ವ್ ಕಂಪೆನಿಯಲ್ಲಿ ಕೆಲಸಕ್ಕಿದ್ದಾಗ ರೂಪಿಸಿದ ತಮ್ಮ ಆಂಪ್ಲಿಫೈಯರಿನ ವಿವರವನ್ನು ಅವರು 1947ರ ಏಪ್ರಿಲ್ ಮತ್ತು ಮೇ ತಿಂಗಳ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಕೆಟಿ66 ಎಂಬ ಎರಡು ವಾಲ್ವುಗಳು ಜೋಡಿಯಾಗಿ ದುಡಿದು 15 ವ್ಯಾಟ್ ಕೊಡುತ್ತಿದ್ದವು. ಬ್ಲ್ಯಾಕರ ಫೀಡ್‌ಬ್ಯಾಕ್ ಕೊನೆಯ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡು ಹತ್ತು ಪಟ್ಟಿನಷ್ಟು ಇತ್ತು. ವಿಕೃತಿ ಪೂರ್ಣ ಶಕ್ತಿಯಲ್ಲೂ ಶೇಕಡಾ 0.1ನ್ನು ಮೀರುತ್ತಿರಲಿಲ್ಲ.

ಇಲ್ಲಿ ಟ್ರಾನ್ಸ್‌ಫಾರ್ಮರಿನ ಮಾತನ್ನು ಹೇಳಲೇಬೇಕು. ವಾಲ್ವ್ ಕೊಡುವುದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟ್. ಸ್ಪೀಕರ್ ಬೇಡುವುದು ಅದರ ತಿರುಗುಮುರುಗು. ಇವೆರಡಕ್ಕೆ ಮದುವೆ ಮಾಡಿಸುವ ಪುರೋಹಿತ ಈ ಟ್ರಾನ್ಸ್‌ಫಾರ್ಮರ್. ಸಾಧಾರಣ ಟ್ರಾನ್ಸ್‌ಫಾರ್ಮರು ತಾರಸ್ವರಗಳನ್ನು ತಡಮಾಡುತ್ತದೆ. ತಡವಾದರೆ ಫೀಡ್‌ಬ್ಯಾಕ್ ಕೂಗುತ್ತದೆ. ಆದುದರಿಂದ ವಿಲಿಯಮ್ಸನ್ನರು ತಂತಿಯನ್ನು ಅನೇಕ ಭಾಗಗಳಾಗಿ ವಿಂಗಡಿಸಿ, ಒಂದರ ನಡುವೆ ಇನ್ನೊಂದನ್ನು ಸೇರಿಸಿ ಸುತ್ತುವ ದೊಡ್ಡ ಟ್ರಾನ್ಸ್‌ಫಾರ್ಮರನ್ನು ವಿನ್ಯಾಸಗೊಳಿಸಿದರು. ಯಂತ್ರದ ಜೀವ ಇದ್ದುದು ಅದರಲ್ಲಿ. ಅದನ್ನೇ ಗುಟ್ಟಾಗಿಟ್ಟುಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಸುತ್ತುವ ಕ್ರಮವನ್ನೂ ಲೇಖನದಲ್ಲಿ ಬರೆದುಕೊಟ್ಟರು.

ಪರಿಣಾಮ ಏನಾಯಿತು? ಪತ್ರಿಕೆ ಕೊಳ್ಳಬಲ್ಲ ಯಾರೇ ಆಗಲಿ, ಬೆಸುಗೆ ಹಾಕಲು ಬಂದರೆ, ಜಗತ್ತಿನ ಅತ್ಯುತ್ತಮ ಆಂಪ್ಲಿಫೈಯರುಗಳಲ್ಲಿ ಒಂದನ್ನು ತನ್ನ ಮನೆಯಲ್ಲಿ ತಾನೇ ಕಟ್ಟಬಹುದಾಯಿತು. 1949ರಲ್ಲಿ ಅಮೆರಿಕದಲ್ಲಿ ಅದರ ಅಲ್ಲಿನ ರೂಪವನ್ನು ಬರೆದವರಿಬ್ಬರಲ್ಲಿ ಒಬ್ಬರಾದ ಡೇವಿಡ್ ಸಾರ್ಸರ್ ಎನ್.ಬಿ.ಸಿ. ಸಿಂಫನಿ ವಾದ್ಯವೃಂದದ ಪಿಟೀಲುವಾದಕರು. ಹೀತ್‌ಕಿಟ್ ಕಂಪೆನಿ ಅದರ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. 1951ರಲ್ಲಿ ಡೇವಿಡ್ ಹಾಫ್ಲರ್ ಮತ್ತು ಹರ್ಬರ್ಟ್ ಕೀರೋಸ್ ಅದನ್ನು ಇನ್ನಷ್ಟು ಸುಧಾರಿಸಿದರು. ಅದೇ ಹಾಫ್ಲರರ ಡೈನಾಕೋ ಸಂಸ್ಥೆ 1959ರಲ್ಲಿ ಹೊರತಂದ ಸ್ಟೀರಿಯೋ 70 ಎಂಬ ಕಿಟ್ ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗಿ ಮಧ್ಯಮವರ್ಗದ ಮನೆಗಳನ್ನು ಸೇರಿತು.

ನಮ್ಮ ನಾಡಿನ ಕೊಂಡಿಯೂ ಈ ಕಾಲಕ್ಕೆ ಸೇರಿಕೊಳ್ಳುತ್ತದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಿಂದ ರೇಡಿಯೋ ವಾಲ್ವುಗಳನ್ನೂ, 1962ರಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ, ಆ ದಶಕದ ಕೊನೆಯ ಹೊತ್ತಿಗೆ ಸಿಲಿಕಾನ್ ಸಾಧನಗಳನ್ನೂ ತಯಾರಿಸತೊಡಗಿತು. ಆಮದಿಗೆ ಕಟ್ಟುನಿಟ್ಟಿದ್ದ ಆ ದಿನಗಳಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ಮದರಾಸಿನ ರಿಚಿ ಸ್ಟ್ರೀಟಿನಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಬಿಡಿಭಾಗ ಹುಡುಕಿ ಆಂಪ್ಲಿಫೈಯರ್ ಕಟ್ಟುತ್ತಿದ್ದ ಹವ್ಯಾಸಿಗಳಿಗೆ ಬಿ.ಇ.ಎಲ್. ಎಂಬ ಮೂರಕ್ಷರ ಚಿರಪರಿಚಿತ.

ಮೀಟರು ಸರಿ ಎಂದಿತು, ಕಿವಿ ಒಪ್ಪಲಿಲ್ಲ

ವಿಲಿಯಮ್ಸನ್ನರ ಲೇಖನ ಪ್ರಕಟವಾದ 1947ರ ಡಿಸೆಂಬರಿನಲ್ಲೇ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಟ್ರಾನ್ಸಿಸ್ಟರು ಸ್ಪೀಕರಿಗೆ ಬೇಕಾದ ಕರೆಂಟನ್ನು ನೇರವಾಗಿ ಕೊಡಬಲ್ಲದು. ಭಾರಿ ಟ್ರಾನ್ಸ್‌ಫಾರ್ಮರೆಂಬ ಪುರೋಹಿತರಿಗೆ ರಜೆ. 1956ರಲ್ಲಿ ಆರ್.ಸಿ.ಎ. ಕಂಪೆನಿಯ ಎಚ್. ಸಿ. ಲಿನ್ ಪ್ರಕಟಿಸಿದ ನಕ್ಷೆ ಇದಕ್ಕೆ ದಾರಿ ತೆರೆಯಿತು. ಅದರಲ್ಲಿನ ಮೂರು ಹಂತಗಳ ಕ್ರಮವೇ ಇಂದಿಗೂ ಬಹುಪಾಲು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ಬೆನ್ನೆಲುಬು.

ಹೊಸ ಯಂತ್ರಗಳು ಹಗುರವಾಗಿದ್ದವು, ತಣ್ಣಗಿದ್ದವು, ಕರಪತ್ರದಲ್ಲಿ ಅವುಗಳ ವಿಕೃತಿಯ ಅಂಕೆ ವಾಲ್ವುಗಳಿಗಿಂತ ಕಡಿಮೆಯಿತ್ತು. ಆದರೆ ಕೇಳಿದವರಲ್ಲಿ ಅನೇಕರು ಮುಖ ಸಿಂಡರಿಸಿದರು. ಸದ್ದು ಒರಟು, ಕೇಳಿದಷ್ಟೂ ಆಯಾಸ ಎಂದರು. ಇದಕ್ಕೆ ಕಾರಣವಿತ್ತು. ಈ ಯಂತ್ರಗಳಲ್ಲಿ ಎರಡು ಟ್ರಾನ್ಸಿಸ್ಟರುಗಳು ಪಾಳಿಯ ಮೇಲೆ ದುಡಿಯುತ್ತವೆ. ಅಲೆಯ ಮೇಲರ್ಧ ಒಂದಕ್ಕೆ, ಕೆಳಗಿನರ್ಧ ಇನ್ನೊಂದಕ್ಕೆ. ಇದನ್ನು ಕ್ಲಾಸ್ ಬಿ ಎನ್ನುತ್ತಾರೆ. ಒಬ್ಬ ಪಾಳಿ ಬಿಡುವಾಗ, ಇನ್ನೊಬ್ಬ ಹಿಡಿಯುವಾಗ ಸಣ್ಣದೊಂದು ತೊಡರು ಉಂಟಾಗುತ್ತದೆ. ಸಂಗೀತ ಜೋರಾಗಿದ್ದಾಗ ಈ ತೊಡರು ಅದರಲ್ಲಿ ಮುಚ್ಚಿಹೋಗುತ್ತದೆ. ಮೆಲ್ಲಗಿದ್ದಾಗ ಎದ್ದು ಕಾಣುತ್ತದೆ. ತಂಬೂರಿಯ ಎಳೆಯಂಥ ನಾದ, ಆಲಾಪದ ಆರಂಭದ ಮಂದ್ರ ಸ್ವರ ಇಂಥ ಕಡೆಯಲ್ಲೇ ಪೆಟ್ಟು. ಕರಪತ್ರದ ಅಂಕೆಯನ್ನಾದರೋ ಪೂರ್ಣ ಶಕ್ತಿಯಲ್ಲಿ ಅಳೆದಿರುತ್ತಿದ್ದರು. ಮೀಟರು ಸುಳ್ಳು ಹೇಳಲಿಲ್ಲ. ಅದನ್ನು ಕೇಳಬೇಕಾದ ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೆ.

ಆಗ ಕೆಲವರು ಎರಡನೆಯ ದಾರಿಯನ್ನು ಹಿಡಿದರು. ಪಾಳಿಯೇ ಬೇಡ, ಕೆಲಸವಿರಲಿ ಇಲ್ಲದಿರಲಿ ಟ್ರಾನ್ಸಿಸ್ಟರುಗಳು ಸದಾ ಎಚ್ಚರವಾಗಿರಲಿ ಎಂಬುದು ಕ್ಲಾಸ್ ಎ. ಇದಕ್ಕೆ ತೆರುವ ಬೆಲೆ ಶಾಖ. 1969ರ ಏಪ್ರಿಲಿನಲ್ಲಿ ಜಾನ್ ಲಿನ್ಸ್ಲಿ ಹುಡ್ ಅದೇ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಚಾನೆಲ್ಲಿಗೆ ನಾಲ್ಕೇ ಟ್ರಾನ್ಸಿಸ್ಟರಿನ, 10 ವ್ಯಾಟಿನ ಕ್ಲಾಸ್ ಎ ಆಂಪ್ಲಿಫೈಯರನ್ನು ಪ್ರಕಟಿಸಿದರು. ಆ 10 ವ್ಯಾಟಿಗಾಗಿ ಪ್ರತಿ ಚಾನೆಲ್ ಸುಮಾರು 30 ವ್ಯಾಟನ್ನು ಸುಮ್ಮನಿದ್ದಾಗಲೂ ನುಂಗುತ್ತಿತ್ತು. ಅದರ ಗುಣವನ್ನು ಒರೆಗೆ ಹಚ್ಚಲು ಅವರು ಪಕ್ಕದಲ್ಲಿಟ್ಟುಕೊಂಡದ್ದು ವಿಲಿಯಮ್ಸನ್ನರ ವಾಲ್ವ್ ಆಂಪ್ಲಿಫೈಯರನ್ನೇ. ಇಪ್ಪತ್ತೆರಡು ವರ್ಷ ಕಳೆದರೂ ಅಳತೆಗೋಲು ಅದೇ ಆಗಿತ್ತು.

ಈ ದಾರಿ ಮುಂದೆ ಅಮೆರಿಕದಲ್ಲಿ ಐಷಾರಾಮದ ತುದಿಯನ್ನು ಮುಟ್ಟಿತು. 1977ರ ಮಾರ್ಕ್ ಲೆವಿನ್ಸನ್ ಎಂಎಲ್-2 ಸ್ಪೀಕರಿಗೆ ಕೊಡುತ್ತಿದ್ದುದು 25 ವ್ಯಾಟ್. ಗೋಡೆಯಿಂದ ಎಳೆಯುತ್ತಿದ್ದುದು ಸುಮಾರು 400 ವ್ಯಾಟ್. ಸ್ಟೀರಿಯೋಗೆ ಇಂಥವು ಎರಡು ಬೇಕು. ಉಳಿದದ್ದೆಲ್ಲ ಹೀಟ್‌ಸಿಂಕಿನ ರೆಕ್ಕೆಗಳಿಂದ ಕೋಣೆಗೆ ಬಿಸಿಯಾಗಿ ಹೋಗುತ್ತಿತ್ತು. ಲಕ್ಷದ ಪೆಟ್ಟಿಗೆಗಳ ಬೆಲೆಯಲ್ಲಿ ದೊಡ್ಡ ಪಾಲು ಇಂದಿಗೂ ಈ ಶಾಖವನ್ನು ಹೊರುವ ಅಲ್ಯೂಮಿನಿಯಮ್ಮಿನದು, ಭಾರಿ ಪವರ್ ಟ್ರಾನ್ಸ್‌ಫಾರ್ಮರಿನದು, ಅವನ್ನು ಮುಚ್ಚುವ ಅಂದವಾದ ಕವಚದ್ದು. ನಮ್ಮ ಊರುಗಳ ಬೇಸಿಗೆಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಫೀಡ್‌ಬ್ಯಾಕಿನ ದಾರಿಯ ಮೇಲೂ ಆಗ ಸಂಶಯ ಬಿತ್ತು. ಫಿನ್ಲೆಂಡಿನ ಮಾಟ್ಟಿ ಓಟಲಾ 1970ರಲ್ಲಿ ಒಂದು ಪ್ರಬಂಧದ ಮೂಲಕ, ಮೃದಂಗದ ಪೆಟ್ಟಿನಂಥ ಥಟ್ಟನೆ ಏಳುವ ಸದ್ದು ಬಂದಾಗ ಫೀಡ್‌ಬ್ಯಾಕ್ ತಿದ್ದಲು ಬರುವುದರೊಳಗೆ ಒಳಗಿನ ಹಂತಗಳು ತುಂಬಿ ಹರಿದುಬಿಡುತ್ತವೆ, ನಿಧಾನ ಸ್ವರಗಳಿಂದ ಅಳೆಯುವ ಮೀಟರಿಗೆ ಇದು ಕಾಣುವುದಿಲ್ಲ ಎಂದು ವಾದಿಸಿದರು. ಹತ್ತು ವರ್ಷಗಳ ಕಾಲ ಇದರ ಮೇಲೆ ದೊಡ್ಡ ಚರ್ಚೆ ನಡೆಯಿತು. ಫೀಡ್‌ಬ್ಯಾಕೇ ಕೆಟ್ಟದ್ದೆಂದು ಸಾರುವ ಪಂಥವೊಂದು ಹುಟ್ಟಿತು. ಕೊನೆಗೆ ವಾಲ್ಟ್ ಜಂಗ್, ಬಾಬ್ ಕಾರ್ಡೆಲ್ ಮೊದಲಾದವರ ಕೆಲಸದಿಂದ ಸ್ಪಷ್ಟವಾದದ್ದು ಇಷ್ಟು: ದೋಷ ಫೀಡ್‌ಬ್ಯಾಕಿನದಲ್ಲ, ಒಳಗಿನ ಹಂತಗಳ ವೇಗ ಸಾಲದಿರುವುದರದು. ವೇಗವನ್ನು ಸರಿಯಾಗಿ ಕೊಟ್ಟರೆ ಎಷ್ಟು ಫೀಡ್‌ಬ್ಯಾಕ್ ಇದ್ದರೂ ತೊಂದರೆಯಿಲ್ಲ.

ತೇರು ಮತ್ತು ದಾರಿ ತಿದ್ದುವವರು

ಇವೆರಡೂ ದಾರಿಗಳನ್ನು ಒಂದು ಮಾಡಿದ ಚತುರ ವಿನ್ಯಾಸ 1975ರಲ್ಲಿ ಬಂದಿತು. ಇಂಗ್ಲೆಂಡಿನ ಹಂಟಿಂಗ್ಡನ್ ಪಟ್ಟಣದ ಪೀಟರ್ ವಾಕರ್ 1936ರಲ್ಲೇ ಕಂಪೆನಿ ಕಟ್ಟಿದವರು. ಅವರ ಕ್ವಾಡ್ II ವಾಲ್ವ್ ಆಂಪ್ಲಿಫೈಯರ್ 1953ರದು, ಕ್ವಾಡ್ 303 ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ 1960ರ ದಶಕದ ಕೊನೆಯದು. 1975ರ ಕ್ವಾಡ್ 405ರಲ್ಲಿ ಅವರು ಅಳವಡಿಸಿದ ಪದ್ಧತಿಗೆ ಕರೆಂಟ್ ಡಂಪಿಂಗ್ ಎಂದು ಹೆಸರು.

ನಮ್ಮ ಕಡೆಯ ತೇರನ್ನು ನೆನೆದರೆ ಅದು ಸುಲಭವಾಗಿ ತಿಳಿಯುತ್ತದೆ. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಅವರಿಗೆ ಬಲವುಂಟು, ನಾಜೂಕಿಲ್ಲ. ಚಕ್ರದ ಬಳಿ ಮರದ ದಿಮ್ಮಿ ಒಡ್ಡಿ ತೇರಿನ ದಾರಿ ತಿದ್ದುವವರು ನಾಲ್ಕಾರು ಮಂದಿ. ಅವರಿಗೆ ನಾಜೂಕುಂಟು, ತೇರೆಳೆಯುವ ಬಲವಿಲ್ಲ. ಕ್ವಾಡ್ 405ರಲ್ಲಿ ಸಣ್ಣದೊಂದು ಕ್ಲಾಸ್ ಎ ಆಂಪ್ಲಿಫೈಯರ್ ದಾರಿ ತಿದ್ದುತ್ತದೆ. ಕ್ಲಾಸ್ ಬಿಯಂತೆ ಪಾಳಿಯ ಮೇಲೆ ದುಡಿಯುವ ದೊಡ್ಡ ಟ್ರಾನ್ಸಿಸ್ಟರುಗಳು ಎಳೆಯುತ್ತವೆ. ಇವೆರಡರ ನಡುವೆ ನಾಲ್ಕು ಬಿಡಿಭಾಗಗಳ ಒಂದು ತಕ್ಕಡಿಯುಂಟು. ಅದು ಸಮತೂಕದಲ್ಲಿದ್ದರೆ ಎಳೆಯುವವರು ಮಾಡಿದ ತಪ್ಪು ಸ್ಪೀಕರಿಗೆ ಮುಟ್ಟುವ ಮೊದಲೇ ತುಂಬಿಹೋಗುತ್ತದೆ. ಹೀಗಾಗಿ ಚಾನೆಲ್ಲಿಗೆ 100 ವ್ಯಾಟ್ ಕೊಡುವ ಯಂತ್ರ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕದಾಯಿತು. ಕಾರ್ಖಾನೆಯಲ್ಲಾಗಲಿ ರಿಪೇರಿಯಲ್ಲಾಗಲಿ ದೊಡ್ಡ ಟ್ರಾನ್ಸಿಸ್ಟರುಗಳ ಪಾಳಿಯನ್ನು ತಿರುಪು ತಿರುಗಿಸಿ ಸರಿಮಾಡುವ ಅಗತ್ಯವೇ ಉಳಿಯಲಿಲ್ಲ. ವಾಕರರೂ ತಮ್ಮ ನಕ್ಷೆಯನ್ನು ಆ ವರ್ಷದ ಡಿಸೆಂಬರಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ವಿವರಿಸಿದರು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಕಂಪೆನಿಯ ಮೂರು ತಲೆಮಾರಿನ ಆಂಪ್ಲಿಫೈಯರುಗಳನ್ನೂ ಕಿವಿಯ ಪರೀಕ್ಷೆಗೆ ಒಡ್ಡಿದರು. ಜೇಮ್ಸ್ ಮಾಯರ್ ನಡೆಸಿದ ಈ ಪರೀಕ್ಷೆಯ ವರದಿ 1978ರಲ್ಲಿ ಪ್ರಕಟವಾಯಿತು. ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಿದಾಗ, ಅನುಭವಿ ಕೇಳುಗರು ವಾಲ್ವ್ ಯಾವುದು ಟ್ರಾನ್ಸಿಸ್ಟರ್ ಯಾವುದು ಎಂದು ಹೇಳಿದ್ದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಉತ್ತಮವಾಗಿರಲಿಲ್ಲ. ಹೊಸದನ್ನು ಮಾರಬೇಕಾದ ವ್ಯಾಪಾರಿಯೇ ತನ್ನ ಹಳೆಯ ಸರಕು ಹೊಸದರಷ್ಟೇ ಚೆನ್ನಾಗಿದೆ ಎಂದು ತೋರಿಸಿಕೊಟ್ಟದ್ದು ವ್ಯಾಪಾರದ ಚರಿತ್ರೆಯಲ್ಲಿ ಅಪರೂಪ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1993ರಿಂದ ಡಗ್ಲಸ್ ಸೆಲ್ಫ್ ಅದೇ ಪತ್ರಿಕೆಯ ಮುಂದುವರಿದ ರೂಪದಲ್ಲಿ ಲೇಖನಮಾಲೆ ಬರೆದು, ಲಿನ್ ನಕ್ಷೆಯಲ್ಲಿ ವಿಕೃತಿ ಹುಟ್ಟುವ ಸ್ಥಳಗಳನ್ನು ಒಂದೊಂದಾಗಿ ಪಟ್ಟಿಮಾಡಿ, ಪ್ರತಿಯೊಂದಕ್ಕೂ ಮದ್ದು ಹೇಳಿದರು. ಮಾಮೂಲಿ ಬಿಡಿಭಾಗಗಳಿಂದಲೇ, ಮಧ್ಯಮ ಸ್ವರಗಳಲ್ಲಿ ಶೇಕಡಾ 0.001ಕ್ಕಿಂತ ಕಡಿಮೆ ವಿಕೃತಿ ಸಾಧ್ಯವೆಂದು ತೋರಿಸಿದರು. ಅಮೆರಿಕದ ನೆಲ್ಸನ್ ಪಾಸ್ ದುಬಾರಿ ಆಂಪ್ಲಿಫೈಯರುಗಳನ್ನು ಮಾರುತ್ತಲೇ, 1970ರ ದಶಕದಿಂದ ತಮ್ಮ ಅನೇಕ ಕ್ಲಾಸ್ ಎ ನಕ್ಷೆಗಳನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟರು. ಹೊಸ ಶತಮಾನದಲ್ಲಿ ಕ್ಲಾಸ್ ಡಿ ವ್ಯಾಪಕ ಬಳಕೆಗೆ ಬಂದಿತು. ಇದರಲ್ಲಿ ನಲ್ಲಿಯನ್ನು ಅರ್ಧ ತಿರುಗಿಸುವ ಮಾತೇ ಇಲ್ಲ. ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುವುದಷ್ಟೆ. ಶಾಖ ಬಲು ಕಡಿಮೆ. ಮೊದಮೊದಲು ಇದನ್ನು ಅಗ್ಗದ ಸರಕೆಂದು ಹೀಗಳೆದರು. ಬೆಲ್ಜಿಯಮ್ಮಿನ ಬ್ರೂನೋ ಪುಟ್ಸಿಸ್ ಅದರ ಸುತ್ತ ಬಹು ಬಿಗಿಯಾದ ಫೀಡ್‌ಬ್ಯಾಕ್ ಹೆಣೆದು, ವಿಕೃತಿಯನ್ನು ಅತ್ಯುತ್ತಮ ಆಂಪ್ಲಿಫೈಯರುಗಳ ಮಟ್ಟಕ್ಕೆ ಇಳಿಸಿದರು. ದೋಣಿಯಲ್ಲಿ ಬ್ಲ್ಯಾಕ್ ಗೀಚಿದ ಉಪಾಯವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಹಾಗಾದರೆ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಒಳ್ಳೆಯ ಆಂಪ್ಲಿಫೈಯರ್ ಎಂದರೆ ಇದ್ದುದನ್ನು ಇದ್ದ ಹಾಗೆ ದಾಟಿಸುವ ಯಂತ್ರ. ತನ್ನದೊಂದು ದನಿ ಸೇರಿಸುವುದು ಅದರ ಗುಣವಲ್ಲ. ಈ ಗುರಿಯನ್ನು ಮುಟ್ಟುವ ವಿದ್ಯೆ ಇಂದು ಗುಟ್ಟಾಗಿ ಉಳಿದಿಲ್ಲ. ಹಲವು ಲಕ್ಷದ ಪೆಟ್ಟಿಗೆಯಲ್ಲಿ ಹೆಚ್ಚು ಶಕ್ತಿ, ಹೆಚ್ಚು ಬಾಳಿಕೆ, ಕಷ್ಟದ ಸ್ಪೀಕರುಗಳನ್ನೂ ಅಳುಕದೆ ನಡೆಸುವ ತಾಕತ್ತು ಇರಬಹುದು. ಅವಕ್ಕೆ ಬೆಲೆಯುಂಟು. ಆದರೆ ಫ್ಲ್ಯಾಟಿನ ಹಾಲಿನಲ್ಲಿ ಮಾತನಾಡುವ ದನಿಗಿಂತ ತುಸು ಮೇಲೆ ಕೇಳುವಾಗ ಸ್ಪೀಕರಿಗೆ ಹೋಗುವುದು ಬಹುತೇಕ ಒಂದೆರಡು ವ್ಯಾಟ್ ಮಾತ್ರ. ಆದ್ದರಿಂದ ಕೊಳ್ಳುವಾಗ ಪೂರ್ಣ ಶಕ್ತಿಯ ಅಂಕೆಯೊಂದನ್ನೇ ನೋಡದೆ, ಒಂದು ವ್ಯಾಟಿನಲ್ಲಿ ವಿಕೃತಿ ಎಷ್ಟು ಎಂದು ಕೇಳುವುದು ಒಳ್ಳೆಯದು. ಕೈಯಲ್ಲಿ ಹಣ ಉಳಿದರೆ ಅದನ್ನು ಸ್ಪೀಕರಿನ ಮೇಲೆ ಹಾಕುವುದು ಲೇಸು. ಸ್ಪೀಕರಿನ ವಿಕೃತಿ ಇಂದಿಗೂ ಆಂಪ್ಲಿಫೈಯರಿನದಕ್ಕಿಂತ ಬಹಳ ಪಟ್ಟು ಹೆಚ್ಚು.

ವಿಲಿಯಮ್ಸನ್ ಮುಂದೆ ಆಂಪ್ಲಿಫೈಯರುಗಳನ್ನು ಬಿಟ್ಟು ಕಾರ್ಖಾನೆಯ ಸ್ವಯಂಚಾಲಿತ ಯಂತ್ರಗಳ ಕಡೆಗೆ ತಿರುಗಿದರು, ಆ ಕ್ಷೇತ್ರದಲ್ಲಿಯೂ ದೊಡ್ಡ ಹೆಸರು ಮಾಡಿ 1968ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು, 1992ರಲ್ಲಿ ತೀರಿಕೊಂಡರು. ಮಾಸಪತ್ರಿಕೆಯೊಂದರ ಎರಡು ಸಂಚಿಕೆಗಳಲ್ಲಿ ಅವರು ಅಚ್ಚುಹಾಕಿಸಿದ ಆ ಲೇಖನವನ್ನು ಓದಿ ಕಟ್ಟಿದ ಆಂಪ್ಲಿಫೈಯರುಗಳು ಎಷ್ಟು ದೇಶಗಳ ಎಷ್ಟು ಮನೆಗಳಲ್ಲಿ ಹಾಡಿದವೋ ಲೆಕ್ಕವಿಟ್ಟವರಿಲ್ಲ.